ಎರಡನೇ ಬಿಗಿತ

“ಅಷ್ಟು ಹತ್ತಿರ ಬಗ್ಗಿ ಏನು ನೋಡ್ತಿದೀರಿ, ಶುಕ್ರಿ ಪಾಷಾ? ಹೆಣ್ಣು ನೋಡೋಕೆ ಬಂದವರ ಹಾಗಿದೆ.”

ರಾಗಿಬ್ ಬೇ ನಗುತ್ತಲೇ ಕೇಳಿದರು. ನಾನು ತಲೆಯೆತ್ತಲಿಲ್ಲ. ಅವರ ಬಂಗಲೆಯ ಹಿಂದಿನ ಶೆಡ್ಡಿನಲ್ಲಿ, ಆ ಹಳೆಯ ಬೈಕಿನ ಎಂಜಿನ್ನಿನ ಮುಂದೆ ಎರಡೂ ಮೊಣಕಾಲೂರಿ ಕೂತಿದ್ದೆ. ಈ ವಯಸ್ಸಿನಲ್ಲಿ ಕೂರುವುದು ಸುಲಭ, ಏಳುವುದು ಕಷ್ಟ. ಆದ್ದರಿಂದ ಕೂತ ಮೇಲೆ ನೋಡಬೇಕಾದದ್ದನ್ನೆಲ್ಲ ನೋಡಿಯೇ ಏಳಬೇಕು.

ನನ್ನ ಹಳೆಯ ಗೆಳೆಯ, ಬೈಕ್ ರಿಪೇರಿಯ ಉಸ್ತಾ ಮಿತ್ವಲ್ಲಿ ಕಾಣೆಯಾದ ಮೇಲೆ ಅವನ ಈ ಬಂಡಿ ನನ್ನ ಕಣ್ಣಿಗೆ ಬಿದ್ದದ್ದು ಇದೇ ಮೊದಲು. ಕರ್ಮೂಸಿನ ಅವನ ಗ್ಯಾರೇಜಿನ ನೆಲದ ಮೇಲೆ ರಕ್ತ, ಮಹ್ಮೂದಿಯಾ ಕಾಲುವೆಯಲ್ಲಿ ಅವನ ಉಣ್ಣೆ ಟೋಪಿ, ಠಾಣೆಯ ಲಾಕಪ್ಪಿನಲ್ಲಿ ಅವನ ಅಳಿಯ ಬಯ್ಯೂಮಿ. ಪೊಲೀಸರ ಕೈಯಲ್ಲಿ ಇದ್ದದ್ದು ಇಷ್ಟೇ, ಇಷ್ಟೇ ಸಾಕು ಅಂತ ಅವರೂ ತೀರ್ಮಾನಿಸಿಬಿಟ್ಟಿದ್ದರು. ನಾಳೆ ಬೆಳಿಗ್ಗೆ ಬಯ್ಯೂಮಿಯನ್ನು ಸರ್ಕಾರಿ ವಕೀಲರ ಮುಂದೆ ನಿಲ್ಲಿಸುತ್ತಾರೆ. ಅಷ್ಟರೊಳಗೆ ನಾನು ಏನಾದರೂ ತರದಿದ್ದರೆ ಕೊಲೆ ಕೇಸು ಅವನ ಕೊರಳಿಗೆ ಬೀಳುತ್ತದೆ.

ಗೇಟಿನಾಚೆ ನನ್ನ ಹಳೇ ಫಿಯೆಟ್ಟಿನಲ್ಲಿ ಬಯ್ಯೂಮಿಯ ಹೆಂಡತಿ ಹಿಕ್ಮತ್ ಕಾಯುತ್ತ ಕೂತಿದ್ದಳು. ಉಸ್ತಾನಿಗೆ ಅವಳೊಬ್ಬಳೇ ಮಗಳು. “ಇನ್ಯಾರ ಹತ್ರ ಹೋಗ್ಲಿ ಚಿಕ್ಕಪ್ಪ, ನೀವು ಪೊಲೀಸ್ ಕೆಲಸದಿಂದ ರಿಟೈರ್ ಆಗಿರ್ಬೋದು, ನಿಮ್ಮ ಕಣ್ಣು ಆಗಿಲ್ವಲ್ಲ” ಅಂತ ನನ್ನ ಬಾಗಿಲಿಗೆ ಬಂದವಳು ಅವಳೇ.

ಪೊಲೀಸರ ಲೆಕ್ಕ ಹೀಗಿತ್ತು. ಶುಕ್ರವಾರ ಸಂಜೆ ಉಸ್ತಾ ಈ ಬಂಡಿಯನ್ನು ಇಲ್ಲಿ ಬಿಟ್ಟು ಟ್ರಾಮು ಹಿಡಿದು ಗ್ಯಾರೇಜಿಗೆ ವಾಪಸಾದ. ಮುಸ್ಸಂಜೆಯ ಮಗ್ರಿಬ್ ಬಾಂಗಿನ ಹೊತ್ತಿಗೆ ಮಾವ ಅಳಿಯನ ಜಗಳ ಬೀದಿಗೆಲ್ಲ ಕೇಳಿತು. ಅದಾದ ಕೂಡಲೇ ಬಯ್ಯೂಮಿ ತಂತಾಕ್ಕೆ ರೈಲು ಹತ್ತಿದ. ಶನಿವಾರ ಮಧ್ಯಾಹ್ನ ಪಕ್ಕದ ಸೋಫಾ ಹೊಲಿಯುವವನು ಗ್ಯಾರೇಜಿನ ಬಾಗಿಲು ತಳ್ಳಿ ನೋಡಿದಾಗ ನೆಲದ ಮೇಲೆ ರಕ್ತ. ಅಂದರೆ ಅಳಿಯ ಕೊಂದು ಓಡಿದ. ಮುಗಿಯಿತು ಕಥೆ.

ಈ ಲೆಕ್ಕಕ್ಕೆ ಒಂದೇ ಒಂದು ಕಂಬ. ಉಸ್ತಾ ಶನಿವಾರ ಬೆಳಿಗ್ಗೆ ಬದುಕಿದ್ದ ಅಂತ ಯಾರಾದರೂ ತೋರಿಸಿದರೆ ಆ ಕಂಬ ಬಿದ್ದಂತೆ. ಯಾಕೆಂದರೆ ಶನಿವಾರ ಇಡೀ ದಿನ ಬಯ್ಯೂಮಿ ತಂತಾದಲ್ಲಿ ಅಕ್ಕನ ಮಗಳ ಮದುವೆಯಲ್ಲಿ ಹಂಡೆ ಹಂಡೆ ಅನ್ನ ಇಳಿಸುತ್ತಿದ್ದ. ಅವನನ್ನು ಕಂಡವರು ಊರು ತುಂಬ ಇದ್ದರು.

ಈಗ ನಾನು ನೋಡುತ್ತಿದ್ದದ್ದು ಎಂಜಿನ್ನಿನ ಮೇಲ್ಮುಚ್ಚಳದಂಥ ಸಿಲಿಂಡರ್ ಹೆಡ್ಡಿನ ಬೋಲ್ಟುಗಳನ್ನು. ಪ್ರತಿ ಬೋಲ್ಟಿನ ತಲೆಯಿಂದ ಹೆಡ್ಡಿನ ಲೋಹದ ಮೇಲೆ ಇಳಿದ ಒಂದೊಂದು ಸಣ್ಣ ನೀಲಿ ಗೆರೆ. ಒಂದೂ ತುಂಡಾಗಿಲ್ಲ, ಒಂದೂ ಅಂಕುಡೊಂಕಾಗಿಲ್ಲ.

ಆ ನೀಲಿ ನನಗೆ ಗೊತ್ತು. ಅನ್ಫೂಷಿಯಲ್ಲಿ ಮೀನಿನ ದೋಣಿಗಳಿಗೆ ಬಳಿಯುವ ನೀಲಿ ಅದು. ಅದನ್ನು ನೋಡಿದ್ದೇ ತಡ, ಮೂಗಿಗೆ ಸೀಮೆಎಣ್ಣೆಯ ವಾಸನೆ, ಪುದೀನ ಹಾಕಿದ ಚಹಾದ ವಾಸನೆ ಎರಡೂ ಒಟ್ಟಿಗೆ ಬಂದವು. ನಲವತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟೆ.

ಆಗ ನಾನು ಹೊಸ ಆಫೀಸರು. ಬೇಸಿಗೆಯ ಬಿಳಿ ಸಮವಸ್ತ್ರಕ್ಕೆ ಗಂಜಿ ಹಾಕಿಸಿ, ಗರಿಗರಿ ಇಸ್ತ್ರಿ ಮಾಡಿಸಿ, ಇಡೀ ಅಲೆಕ್ಸಾಂಡ್ರಿಯಾ ನನ್ನನ್ನೇ ನೋಡುತ್ತಿದೆ ಅಂದುಕೊಂಡಿದ್ದ ಕಾಲ. ಠಾಣೆಯವರು ನನಗೆ ಕೊಟ್ಟದ್ದು ಇಂಥದೇ ಬಂಡಿ. ಬ್ರಿಟಿಷ್ ಸೈನ್ಯ ಯುದ್ಧ ಮುಗಿಸಿ ಮರಳುಗಾಡಿನಲ್ಲಿ ಬಿಟ್ಟುಹೋದ ಒಂಟಿ ಸಿಲಿಂಡರಿನ ಬೈಕು. ಅದರ ಸದ್ದೇ ಬೇರೆ, ನಿಧಾನವಾಗಿ, ಒಂದೊಂದೇ ಮಾತಾಡುವ ಮುದುಕನ ಹಾಗೆ. ಸ್ಟಾನ್ಲಿ ಕೊಲ್ಲಿಯ ತಿರುವಿನಲ್ಲಿ ನಾನು ಬರುತ್ತಿದ್ದರೆ ಉಪ್ಪು ತಿರ್ಮಿಸ್ ಕಾಳು ಮಾರುವವನು ಸದ್ದು ಕೇಳಿಯೇ ಒಂದು ಪೊಟ್ಟಣ ಕಟ್ಟಿಡುತ್ತಿದ್ದ.

ಒಂದು ದಿನ ಆ ತಿರುವಿನಲ್ಲೇ ಹೆಡ್ಡಿನ ಗ್ಯಾಸ್ಕೆಟ್ ಹೋಯಿತು. ಕರ್ಮೂಸಿನವರೆಗೂ ತಳ್ಳಿಕೊಂಡು ಹೋದೆ. ಬಿಳಿ ಬಟ್ಟೆ ಮಸಿ ಬಟ್ಟೆಯಾಯಿತು. ಗ್ಯಾರೇಜಿನ ಬಾಗಿಲಲ್ಲಿ ಚಹಾ ಹೀರುತ್ತಿದ್ದ ಮಿತ್ವಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದ, “ಪಾಷಾ, ನೀವು ಬಂಡೀನ ತಳ್ಕೊಂಡು ಬಂದ್ರಾ, ಬಂಡಿ ನಿಮ್ಮನ್ನ ತಳ್ಕೊಂಡು ಬಂತಾ?”

ನಮ್ಮಲ್ಲಿ ಕೈಕೆಲಸ ಬಲ್ಲವರನ್ನೆಲ್ಲ ಉಸ್ತಾ ಅನ್ನುವುದು ವಾಡಿಕೆ. ಮಿತ್ವಲ್ಲಿಯನ್ನು ಹಾಗೆ ಕರೆಯುವಾಗ ಮಾತ್ರ ನಾನು ಆ ಮಾತನ್ನು ಪೂರ್ತಿ ಉಚ್ಚರಿಸುತ್ತಿದ್ದೆ.

ಅವನು ಹೆಡ್ಡು ಕೂರಿಸುವುದನ್ನು ನೋಡುವುದೇ ಒಂದು ಸೊಗಸು. ಸಿಲಿಂಡರಿನ ಬಾಯಿಗೆ ತಾಮ್ರದ ತೆಳು ಹಾಳೆಯಂಥ ಗ್ಯಾಸ್ಕೆಟ್ ಇಟ್ಟು, ಅದರ ಮೇಲೆ ಹೆಡ್ಡು ಇಳಿಸಿ, ಬೋಲ್ಟುಗಳನ್ನೆಲ್ಲ ಬೆರಳಲ್ಲೇ ತಿರುಗಿಸಿ ಕೂರಿಸುತ್ತಿದ್ದ. ಆಮೇಲೆ ಸ್ಪ್ಯಾನರು. ನಡುವಿನದು ಮೊದಲು ಸ್ವಲ್ಪ, ಅದರ ಎದುರಿನದು ಸ್ವಲ್ಪ, ಮತ್ತೆ ಈ ಮೂಲೆ, ಮತ್ತೆ ಆ ಮೂಲೆ.

“ಊಟಕ್ಕೆ ಕೂತವರಿಗೆ ಬಡಿಸಿದ ಹಾಗೆ ಪಾಷಾ. ಎಲ್ಲರಿಗೂ ಸ್ವಲ್ಪ ಸ್ವಲ್ಪ, ಸುತ್ತು ಸುತ್ತು. ಒಬ್ಬನಿಗೇ ಹೊಟ್ಟೆ ತುಂಬಿಸಿದ್ರೆ ಮಿಕ್ಕವರು ಎದ್ದು ಜಗಳಕ್ಕೆ ನಿಲ್ತಾರೆ.”

ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಬಂಡಿಯನ್ನು ಮೈ ಕಾಯುವಷ್ಟು ದೂರ ಓಡಿಸಿ ತರಬೇಕು. ರಾತ್ರಿಯಿಡೀ ಆರಲು ಬಿಡಬೇಕು. ಬಿಸಿಗೆ ಹಿಗ್ಗಿ, ತಂಪಿಗೆ ಕುಗ್ಗಿ, ತಾಮ್ರ ತನ್ನ ಜಾಗ ಹಿಡಿದು ಕೂತಾಗ, ನಿನ್ನೆ ಬಿಗಿಯಾಗಿದ್ದ ಬೋಲ್ಟು ಇವತ್ತು ಒಂದು ಎಳೆಯಷ್ಟು ಸಡಿಲವಾಗಿರುತ್ತದೆ. ಮರುದಿನ ಬೆಳಿಗ್ಗೆ, ಎಂಜಿನ್ನು ತಣ್ಣಗಿರುವಾಗಲೇ, ಇನ್ನೊಮ್ಮೆ ಅದೇ ಸುತ್ತು. ಅದೇ ಎರಡನೇ ಬಿಗಿತ. ಬಿಸಿಯಲ್ಲಿ ಬಿಗಿದರೆ ಹೆಡ್ಡು ಸೊಟ್ಟಗಾಗುತ್ತದೆ, ಬಿಗಿಯದೆ ಬಿಟ್ಟರೆ ಗ್ಯಾಸ್ಕೆಟ್ ಹಾರುತ್ತದೆ.

ಆತುರದ ಗಿರಾಕಿಗಳು ಮರುದಿನ ಬರಲು ಗೊಣಗುತ್ತಿದ್ದರು. ಉಸ್ತಾ ಅವರಿಗೆ ಒಂದೇ ಮಾತು ಹೇಳುತ್ತಿದ್ದ. “ಎರಡನೇ ಬಿಗಿತ ಇಲ್ಲದೆ ಬಂಡಿ ತಗೊಂಡು ಹೋಗೋದು, ನಿಕಾಹ್ ಇಲ್ಲದೆ ಹೆಣ್ಣನ್ನ ಮನೆ ತುಂಬಿಸ್ಕೊಳ್ಳೋದು, ಎರಡೂ ಒಂದೇ.” ಅಷ್ಟಾಗಿಯೂ ಬರದವರ ಮನೆಗೆ ಬೆಳಗಿನ ಟ್ರಾಮು ಹಿಡಿದು ತಾನೇ ಹೋಗುತ್ತಿದ್ದ, ಹೆಗಲ ಮೇಲೆ ಚರ್ಮದ ಚೀಲ. ಬಂದ ಗಿರಾಕಿಗಳೋ, ಬಿಸಿ ರೊಟ್ಟಿ, ಬೇಯಿಸಿ ಮಸೆದ ಫೂಲ್ ಕಾಳು, ಹಸಿ ಈರುಳ್ಳಿ ಹೊತ್ತು ತರುತ್ತಿದ್ದರು. ಬಿಗಿದ ಮೇಲೆ ಎಲ್ಲರೂ ನೆಲದ ಮೇಲೆ ಕೂತು ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದೆವು. ಆ ಫೂಲಿನ ರುಚಿ ನನಗೆ ಮತ್ತೆಲ್ಲೂ ಸಿಕ್ಕಲಿಲ್ಲ. ಯಾವ ಹೋಟೆಲಿನಲ್ಲಿ ಕೂತರೂ ಸ್ವಲ್ಪ ಸೀಮೆಎಣ್ಣೆಯ ವಾಸನೆ ಕಡಿಮೆ ಅನ್ನಿಸುತ್ತದೆ.

ಎಲ್ಲ ಮುಗಿದ ಮೇಲೆ ನೀಲಿ ಗೆರೆ. ಬೋಲ್ಟು ಕೂದಲೆಳೆಯಷ್ಟು ಅಲುಗಿದರೂ ಗೆರೆ ಮುರಿಯುತ್ತದೆ, ಕಣ್ಣಿಗೆ ಕಾಣುತ್ತದೆ. ಎರಡನೇ ಬಿಗಿತ ಆಗುವ ಮುಂಚೆ ಆ ಗ್ಯಾರೇಜಿನಲ್ಲಿ ಯಾರೂ ಬಣ್ಣದ ಡಬ್ಬದ ಮುಚ್ಚಳ ತೆಗೆಯುತ್ತಿರಲಿಲ್ಲ. ಬೇರೆ ಗ್ಯಾರೇಜಿನವರು “ಮಿತ್ವಲ್ಲಿ ಎಂಜಿನ್ನಿಗೆ ಕಾಡಿಗೆ ಹಚ್ತಾನೆ” ಅಂತ ನಗುತ್ತಿದ್ದರು. ಅವನು ನಗುವವರ ಜೊತೆ ತಾನೂ ನಕ್ಕು ಸುಮ್ಮನಾಗುತ್ತಿದ್ದ.

ಆ ದಿನಗಳು ಹೋದವು. ನನಗೆ ಬೇಸರವಾಗುವುದು ವಯಸ್ಸಾಯಿತೆಂದಲ್ಲ, ಅಂಥ ಬೆಳಗುಗಳು ಹೋದವೆಂದು.

“ಪಾಷಾ, ಚಹಾ ಆರಿ ಹೋಗ್ತಿದೆ,” ಅಂದರು ರಾಗಿಬ್ ಬೇ.

ನಾನು ಬಂಡಿಯ ಹ್ಯಾಂಡಲ್ಲು ಹಿಡಿದು ಎದ್ದೆ. ಮೊಣಕಾಲು ಎರಡೂ ಒಟ್ಟಿಗೆ ಲಟಕ್ಕೆಂದವು.

ರಾಗಿಬ್ ಬೇ ಒಳ್ಳೆಯ ಮನೆತನದ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಹಳೆಯ ಬಂಡಿಗಳನ್ನು ಕೂಡಿಹಾಕುವುದೇ ಅವರ ಸಂಸಾರ. ಈ ಬೈಕು ಉಸ್ತಾನ ಸ್ವಂತದ್ದು, ಅವನ ಅಪ್ಪ ಮರ್ಸಾ ಮತ್ರೂಹಿನ ಮರಳಿನಿಂದ ಅಗೆದು ತಂದದ್ದು. ಇದರ ಮೇಲೆ ಬೇ ಕಣ್ಣಿಟ್ಟು ಎಷ್ಟೋ ವರ್ಷಗಳಾಗಿದ್ದವು. ಕೊಡುವುದಿಲ್ಲ ಅನ್ನುತ್ತಿದ್ದ ಉಸ್ತಾ ಕಳೆದ ವಾರ ಇದ್ದಕ್ಕಿದ್ದಂತೆ ಕೊಟ್ಟುಬಿಟ್ಟಿದ್ದ. ಕೊಟ್ಟ ದಿನವೇ ಕಾಣೆಯಾದ. ಪೊಲೀಸರಿಗೆ ಇದು ವಿಚಿತ್ರ ಅನ್ನಿಸಿರಲಿಲ್ಲ. ನನಗೆ ಅನ್ನಿಸಿತ್ತು.

“ಯಾಕೆ ಕೊಟ್ಟ ಅಂತ ಹೇಳಿದ್ನಾ?” ಅಂತ ಕೇಳಿದೆ.

“ಕೇಳ್ದೆ. ‘ನಿಮ್ಮ ಹತ್ರ ಸುಖವಾಗಿರುತ್ತೆ ಬೇ, ನನ್ನ ಹತ್ರ ಇನ್ನು ಇರಲ್ಲ’ ಅಂದ. ಅಷ್ಟೇ.”

“ಕೊನೇ ಸಲ ಅವನನ್ನ ನೋಡಿದ್ದು?”

“ಅದನ್ನ ಪೊಲೀಸರಿಗೆ ಹೇಳಿದೀನಲ್ಲ. ಶುಕ್ರವಾರ. ಹೆಡ್ಡಿಗೆ ಹೊಸ ಗ್ಯಾಸ್ಕೆಟ್ ಕೂರಿಸಿ, ಜುಮ್ಮಾ ನಮಾಜ್ ಮುಗಿಸ್ಕೊಂಡು ಬಂದ. ಕೋರ್ನಿಶ್ ರಸ್ತೆ ಮೇಲೆ ಮುಂತಜಾ ತನಕ ಇಬ್ಬರೂ ಹೋಗಿಬಂದ್ವಿ. ಸಂಜೆ ಬಂಡಿ ಇಲ್ಲಿ ನಿಲ್ಲಿಸಿ ಹೊರಟುಹೋದ.”

“ಆಮೇಲೆ ನೀವು ಓಡಿಸಿದ್ರಾ?”

“ಇಲ್ಲ. ಕಿಕ್ಕೂ ಹೊಡೆದಿಲ್ಲ.”

“ಆಮೇಲೆ ಈ ಶೆಡ್ಡಿಗೆ ಯಾರಾದ್ರೂ ಬಂದಿದ್ರಾ?”

“ಒಂದು ನೊಣಾನೂ ಬಂದಿಲ್ಲ.”

ನಾನು ಚಹಾ ಒಂದು ಗುಟುಕು ಹೀರಿದೆ. ಸಕ್ಕರೆ ಜಾಸ್ತಿ. “ಹಾಗಾದ್ರೆ ಈ ನೀಲಿ ಗೆರೆ ನೊಣ ಎಳೀತಾ?”

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು. ರಾಗಿಬ್ ಬೇ ತಮ್ಮ ಬೆರಳುಗಳನ್ನೇ ತಿರುಗಿಸಿ ನೋಡಿಕೊಂಡರು.

“ಅದು... ಉಸ್ತಾನೇ ಎಳೆದದ್ದು. ಶುಕ್ರವಾರ.”

“ಮುಂತಜಾವರೆಗೂ ಓಡಿ ಬಂದ ಹೆಡ್ಡಿನ ಮೇಲಾ? ಅದರ ಮೇಲೆ ಮೊಟ್ಟೆ ಹುರೀಬಹುದಿತ್ತು ಬೇ. ಬಣ್ಣ ಬಿದ್ದಿದ್ರೆ ಗುಳ್ಳೆ ಎದ್ದು ಕಂದು ಬಣ್ಣಕ್ಕೆ ತಿರುಗಿರ್ತಿತ್ತು. ಇಲ್ಲಿ ನೋಡಿ, ಹೇಗೆ ನಯವಾಗಿ ಕೂತಿದೆ.”

“ಹೊರಡೋ ಮುಂಚೆ ಎಳೆದಿರಬಹುದು.”

“ಹೊರಡೋ ಮುಂಚೆ ಎಳೆದದ್ದೂ ಬಿಸಿಗೆ ಕಂದೋಗ್ತಿತ್ತು. ಅದೂ ಅಲ್ದೆ, ಎರಡನೇ ಬಿಗಿತ ಆಗದೆ ಮಿತ್ವಲ್ಲಿ ಆ ಡಬ್ಬ ಮುಟ್ಟಲ್ಲ. ನಿಮಗೂ ಗೊತ್ತು. ನೀವೂ ಅವನ ಗಿರಾಕಿಯೇ, ನೀವೂ ಬೆಳಿಗ್ಗೆ ಬೆಳಿಗ್ಗೆ ರೊಟ್ಟಿ ಹೊತ್ತವರೇ.”

ಅವರು ಶೆಡ್ಡಿನ ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಕೂತರು. ನಾನು ಬಿಡಲಿಲ್ಲ. ಮೂವತ್ತು ವರ್ಷ ಮಾಡಿದ ಕೆಲಸ, ಎದುರಿನವರು ಕೂತಾಗ ನಾವು ನಿಂತೇ ಇರಬೇಕು ಅನ್ನುವುದು ಕಾಲಿಗೇ ಅಭ್ಯಾಸವಾಗಿದೆ.

“ಶುಕ್ರವಾರ ಸಂಜೆ ಬಿಸಿ. ರಾತ್ರಿ ಆರಿತು. ಶನಿವಾರ ಬೆಳಿಗ್ಗೆ ಈ ಶೆಡ್ಡಿನಲ್ಲಿ ಹೆಡ್ಡು ಎರಡನೇ ಸಲ ಬಿಗಿದಿದ್ದಾರೆ. ನೀವದನ್ನ ಪೊಲೀಸರಿಂದ ಮುಚ್ಚಿಟ್ರಿ. ನಾಳೆ ಬಯ್ಯೂಮಿ ಕೊಲೆಗಾರ ಅಂತ ಕೈಕೋಳ ಹಾಕಿಸ್ಕೊಂಡು ನಿಲ್ತಾನೆ. ಮನೆಯಲ್ಲಿ ಅವನಿಗೆ ಇನ್ನೂ ಹಾಲು ಕುಡಿಯೋ ಮಗು ಇದೆ. ಅದೂ ನಿಮಗೆ ಗೊತ್ತು.”

“ನಾನು ಆಣೆ ಇಟ್ಟಿದೀನಿ ಪಾಷಾ.”

“ಯಾರ ಹತ್ರ? ಉಸ್ತಾನ ಹತ್ರವಾ?”

ಅವರು ತಲೆ ತಗ್ಗಿಸಿದರು.  ಉಸ್ತಾ ಶನಿವಾರ ಬೆಳಿಗ್ಗೆ ಬದುಕಿದ್ದ. ಇಲ್ಲಿ, ಈ ಶೆಡ್ಡಿನಲ್ಲಿ, ತನ್ನ ಬಂಡಿಯ ಬೋಲ್ಟು ಬಿಗಿಯುತ್ತ. ಬಯ್ಯೂಮಿ ಬಿಡುಗಡೆಯಾದ ಹಾಗೆಯೇ. ಈಗಲೇ ಗೇಟಿನಾಚೆ ಓಡಿಹೋಗಿ ಹಿಕ್ಮತಳಿಗೆ ಹೇಳಬೇಕು ಅನ್ನಿಸಿತು.

“ಶನಿವಾರ ಬೆಳಿಗ್ಗೆ ಎರಡನೇ ಬಿಗಿತ ಆದದ್ದು ನಿಜ,” ಅಂದರು ರಾಗಿಬ್ ಬೇ. “ನಾನೇ ಬಾಗಿಲು ತೆಗೆದೆ. ಪೂರ್ತಿ ನೋಡ್ದೆ.”

“ಇದನ್ನೇ ನಾಳೆ ಸರ್ಕಾರಿ ವಕೀಲರ ಮುಂದೆ ಹೇಳ್ಬಿಡಿ. ಆಣೆ ಪಾಪ ನನ್ನ ತಲೆ ಮೇಲಿರಲಿ.”

“ಪೂರ್ತಿ ಕೇಳಿಸ್ಕೊಳ್ಳಿ ಪಾಷಾ. ಬಂದದ್ದು ಉಸ್ತಾ ಅಲ್ಲ.”

ನಾನು ಚಹಾದ ಲೋಟ ಕೆಳಗಿಟ್ಟೆ.

“ಅವನ ಮಗಳು. ಮೊದಲ ಟ್ರಾಮಿಗೇ ಬಂದಿದ್ಲು. ಹೆಗಲ ಮೇಲೆ ಅಪ್ಪನ ಚರ್ಮದ ಚೀಲ. ‘ಅಪ್ಪನಿಗೆ ಬರೋಕಾಗಲ್ಲ, ಅದಕ್ಕೆ ನಾನೇ ಬಂದೆ’ ಅಂದ್ಲು. ಮಗ್ಗುಲಿಗೆ ಕೂತು ನಡುವಿನ ಬೋಲ್ಟಿನಿಂದ ಶುರು ಮಾಡಿದ್ಲು. ಅಪ್ಪನದೇ ಕೈ ಪಾಷಾ, ಅಪ್ಪನದೇ ಸುತ್ತು. ಚಹಾ ಕೊಟ್ರೆ ಬೇಡ ಅಂದ್ಲು. ಗೆರೆ ಸೊಟ್ಟಗಾಯ್ತು ಅಂತ ಒರೆಸಿ ಒರೆಸಿ ಮತ್ತೆ ಎಳೆದ್ಲು. ಹೋಗುವಾಗ ಬಾಗಿಲಲ್ಲಿ ನಿಂತು, ನಾನು ಬಂದದ್ದನ್ನ ಯಾರಿಗೂ ಹೇಳಬೇಡಿ ಅಂತ ಕುರಾನಿನ ಮೇಲೆ ಆಣೆ ಹಾಕಿಸ್ಕೊಂಡ್ಲು.”

“ನಿಮಗೆ ಅನುಮಾನ ಬರಲಿಲ್ವಾ?”

“ಏನಂತ ಬರಬೇಕಿತ್ತು? ಹೆಂಡತಿ ಇಲ್ಲದ ಗಂಡಸಿನ ಮನೆಗೆ ಮದುವೆಯಾದ ಹೆಣ್ಣುಮಗಳು ಒಬ್ಬಳೇ ಬೆಳಿಗ್ಗೆ ಬೆಳಿಗ್ಗೆ ಬಂದು ಹೋದ್ಲು ಅಂದ್ರೆ ಕರ್ಮೂಸಿನ ಬಾಯಿಗಳು ಬಿಡ್ತವಾ? ಅವಳ ಮಾನದ ವಿಷಯ ಅನ್ಕೊಂಡೆ. ಪೊಲೀಸರು ಬಂದಾಗಲೂ ಹಾಗೇ ಅನ್ಕೊಂಡು ಬಾಯಿ ಮುಚ್ಕೊಂಡೆ.”

ಅವರು ಹೇಳಿದ್ದು ನಿಜ. ಆ ಮುಖದಲ್ಲಿ ಸುಳ್ಳಿನ ದಣಿವು ಹೋಗಿ ನಿರಾಳ ಬಂದಿತ್ತು. ಆ ನಿರಾಳ ನನಗೆ ಬೇಕಾಗಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಗ್ಯಾರೇಜಿನಲ್ಲಿ ರಕ್ತ ಕಂಡದ್ದು ಶನಿವಾರ ಮಧ್ಯಾಹ್ನ. ಅಲ್ಲಿಯವರೆಗೂ ಉಸ್ತಾ ಕಾಣೆಯಾಗಿದ್ದಾನೆಂದು ಕರ್ಮೂಸಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಅಪ್ಪ ಬರಲಾರ ಅಂತ ಅವತ್ತಿನ ಮೊದಲ ಟ್ರಾಮಿನ ಹೊತ್ತಿಗೇ ಅವಳಿಗೆ ಗೊತ್ತಿತ್ತು.

ಲಾಕಪ್ಪಿನಲ್ಲಿ ಬಯ್ಯೂಮಿ ಯಾಕೆ ಬಾಯಿ ಬಿಡುತ್ತಿಲ್ಲ ಅನ್ನುವುದೂ ಈಗ ತಿಳಿಯಿತು. ನಾವೆಲ್ಲ ಅದನ್ನು ಹಟ ಅಂದುಕೊಂಡಿದ್ದೆವು, ಅವನು ಹೆಂಡತಿಯನ್ನು ಕಾಯುತ್ತಿದ್ದ.

ನಾನು ಶೆಡ್ಡಿನಿಂದ ಹೊರಗೆ ಬಂದೆ. ಬಂಗಲೆಯ ಗೋಡೆಯುದ್ದಕ್ಕೂ ಬೋಗನ್‌ವಿಲ್ಲಾ ಹಬ್ಬಿತ್ತು. ಬಿಸಿಲು ಇನ್ನೂ ಇಳಿದಿರಲಿಲ್ಲ, ಸಮುದ್ರದ ಕಡೆಯಿಂದ ಉಪ್ಪು ಗಾಳಿ. ಗೇಟಿನವರೆಗಿನ ದಾರಿ ಯಾಕಾದರೂ ಇಷ್ಟು ಚಿಕ್ಕದಾಗಿದೆಯೋ ಅನ್ನಿಸಿತು. ಅವಳು ಹುಟ್ಟಿದಾಗ ಏಳನೇ ದಿನದ ಊಟಕ್ಕೆ ಉಸ್ತಾ ನನ್ನನ್ನು ಕೈಹಿಡಿದು ಎಳೆದೊಯ್ದಿದ್ದ. ಅವಳ ಮದುವೆಯಲ್ಲಿ ಬೀದಿಗೆ ದೀಪ ಕಟ್ಟಿಸಿದವನು ನಾನು. ಜೀವಮಾನದಲ್ಲಿ ಎಷ್ಟೋ ಜನರನ್ನು ಪ್ರಶ್ನೆ ಮಾಡಿದ್ದೇನೆ, ಯಾರ ಮುಂದೆಯೂ ನನಗೆ ಹೀಗೆ ಹೆದರಿಕೆಯಾಗಿರಲಿಲ್ಲ.

ನನ್ನನ್ನು ಕಂಡ ಕೂಡಲೇ ಹಿಕ್ಮತ್ ಕಾರಿನ ಬಾಗಿಲು ತೆಗೆದು ಇಳಿದಳು. ತಲೆವಸ್ತ್ರವನ್ನು ಕಿವಿಯ ಹಿಂದೆ ಸರಿಮಾಡಿಕೊಂಡಳು.

“ಏನಂದ್ರು ಚಿಕ್ಕಪ್ಪ? ಅಪ್ಪ ಶನಿವಾರ ಬಂದಿದ್ರಂತಾ?”

ಆ ದನಿಯಲ್ಲಿ ಆಸೆ ಇತ್ತು. ನಿಜವಾದ ಆಸೆಯೇ. ನಾನು ಹೌದು ಅಂದುಬಿಟ್ಟರೆ ಸಾಕಿತ್ತು. ಅವಳ ಲೆಕ್ಕ ಇಷ್ಟೇ, ಗೆರೆಗಳನ್ನು ನಾನು ನೋಡುತ್ತೇನೆ, ಉಸ್ತಾನೇ ಎಳೆದ ಅಂದುಕೊಳ್ಳುತ್ತೇನೆ, ಬೇ ಆಣೆ ಮುರಿಯುವುದಿಲ್ಲ, ಬಯ್ಯೂಮಿ ಹೊರಗೆ ಬರುತ್ತಾನೆ. ಅವಳು ನನ್ನನ್ನು ಇಲ್ಲಿಗೆ ಕರೆತಂದದ್ದೇ ಅದಕ್ಕೆ.

“ಶನಿವಾರ ಇಲ್ಲಿಗೆ ಯಾಕೆ ಬಂದೆ ಮಗಳೇ?”

ಅವಳು ಬಂಗಲೆಯ ಕಡೆ ಒಮ್ಮೆ ನೋಡಿದಳು. ಮುಖದ ರಕ್ತವೆಲ್ಲ ಇಳಿದುಹೋಯಿತು. ಟ್ರಾಮೊಂದು ಗಂಟೆ ಬಾರಿಸುತ್ತ ರುಶ್ದಿ ನಿಲ್ದಾಣ ದಾಟಿತು. 

“ಹೆಡ್ಡು ಹಾಗೇ ಬಿಡೋಕಾಗುತ್ತಾ ಚಿಕ್ಕಪ್ಪ?” ಅಂದಳು ಕೊನೆಗೆ. “ಅಪ್ಪ ಬಿಗಿದ ಕೊನೇ ಬಂಡಿ ಅದು. ಬೇ ಅದನ್ನ ಓಡಿಸ್ಕೊಂಡು ಹೋಗಿ ನಾಲ್ಕು ಜನರ ಮುಂದೆ ಗ್ಯಾಸ್ಕೆಟ್ ಹಾರಿದ್ರೆ? ಊರೆಲ್ಲ ಅಪ್ಪನ ಹೆಸರು ಹಿಡಿದು ನಗ್ತಿತ್ತು. ಮನೇಲೇ ಇರಬೇಕು, ಹೊರಗೆ ಹೋಗಬಾರದು ಅಂತ ನನಗೂ ಗೊತ್ತಿತ್ತು. ಮನಸ್ಸು ಕೇಳಲಿಲ್ಲ.”

“ಕೊನೇ ಬಂಡಿ ಅಂತ ನಿನಗೆ ಹೇಗೆ ಗೊತ್ತು?”

ಅವಳು ತಿರುಗಿ ಕಾರಿನ ಬಾಗಿಲು ಮುಚ್ಚಿದಳು.

“ಹಿಕ್ಮತ್, ಅಪ್ಪ ಎಲ್ಲಿ?”

“ನಾನೇ ಬಂದಿದ್ದೆ ಅಂತ ಹೇಳ್ಬಿಡಿ ಪೊಲೀಸರಿಗೆ. ಬಯ್ಯೂಮಿ ತಂತಾದಲ್ಲಿದ್ದ, ಅವನಿಗೆ ಏನೂ ಗೊತ್ತಿರಲಿಲ್ಲ, ನಾನು ಫೋನ್ ಮಾಡಿ ಹೇಳಿದ ಮೇಲೇ ಗೊತ್ತಾದದ್ದು. ಅವನನ್ನ ಬಿಡಿಸಿ, ನನ್ನನ್ನ ಒಳಗೆ ಹಾಕಿಸಿ. ಮಗೂನ ಅವನು ನೋಡ್ಕೊಳ್ತಾನೆ. ಅಪ್ಪನ್ನ ಮಾತ್ರ ಹುಡುಕಬೇಡಿ.”

“ನಲವತ್ತು ವರ್ಷದ ಗೆಳೆಯ ಕಣಮ್ಮ ಅವನು. ಕೊಂದವರು ಯಾರು ಅಂತ ತಿಳೀದೆ, ಅವನ ಹೆಣಕ್ಕೆ ನಮಾಜ್ ಮಾಡದೆ ನಾನು ಸುಮ್ಮನಿರಲಾ?”

ನನ್ನ ದನಿ ಒಡೆದಿತ್ತು. ನಾಚಿಕೆಯಾಗಲಿಲ್ಲ. ಅವಳು ನನ್ನ ತೋಳು ಹಿಡಿದಳು, ಚಿಕ್ಕ ಮಕ್ಕಳನ್ನು ಸಮಾಧಾನ ಮಾಡುವ ಹಾಗೆ. ಅವಳ ಕಣ್ಣಲ್ಲಿ ನೀರಿರಲಿಲ್ಲ.

“ನಮಾಜ್ ಮಾಡೋದು ಬೇಡ ಚಿಕ್ಕಪ್ಪ,” ಅಂದಳು. “ಗ್ಯಾರೇಜಿನಲ್ಲಿ ಎಷ್ಟು ಒರೆಸಿದ್ರೂ ಹೋಗದೆ ನಾನು ಬಿಟ್ಟುಬಂದ ರಕ್ತ ಅಪ್ಪಂದಲ್ಲ, ಅಪ್ಪನ ಕೈಯಲ್ಲಿ ಸತ್ತವನದು.”